ಎಂಟು ತಂತಿಗಳ ಸಾಕ್ಷಿ: ಗದ್ದಲವೆಂದು ಒರೆಸಿದ್ದು

“ಈ ಸ್ಪ್ಯಾನರ್ ಇಲ್ಲಿ ಯಾಕೆ ಹೀಗೆ ಸವೆದಿದೆ?”

ಸೊನ್ನೆ ಮೇಡಂ ಕೇಳಿದ್ದು ತಮಗೆ ತಾವೇ ಎಂಬಂತೆ. ಸವೆತ ಬಾಯಿಯ ಕಡೆ ಇದ್ದಿದ್ದರೆ ಅವರು ಎರಡನೇ ಸಲ ನೋಡುತ್ತಿರಲಿಲ್ಲ. ಸ್ಪ್ಯಾನರ್ ಸವೆಯುವುದೇ ಅಲ್ಲಿ. ಇದು ಹಿಡಿಯ ಚಪ್ಪಟೆ ಬದಿಯಲ್ಲಿ, ತುದಿಯಿಂದ ಎರಡು ಬೆರಳು ಈಚೆ, ನಾಣ್ಯದಗಲ ತಗ್ಗಾಗಿತ್ತು. ಉಳಿದದ್ದೆಲ್ಲ ಎಣ್ಣೆ ಕುಡಿದು ಕಪ್ಪಾಗಿದ್ದರೆ ಅಷ್ಟು ಜಾಗ ಮಾತ್ರ ಬೆಳ್ಳಿಯಂತೆ ಹೊಳೆಯುತ್ತಿತ್ತು.

ಪ್ರಯೋಗಾಲಯದ ಟೇಬಲಿನ ಆಚೆ ಕುಳಿತಿದ್ದ ಟೈಲರಮ್ಮ ಕೈ ಚಾಚಿ ಅದನ್ನು ತೆಗೆದುಕೊಂಡಳು. ಹದಿನೆಂಟು ದಿನಗಳ ಹಿಂದೆ, ಎಣ್ಣೆಯ ಒತ್ತಡದಿಂದ ಭಾರ ಎತ್ತುವ ಎಂಟು ಜಾಕ್‌ಗಳ ಮೇಲೆ ಏರುತ್ತಿದ್ದ ಕ್ರೀಡಾಂಗಣದ ಉಕ್ಕಿನ ಚಾವಣಿ ಕುಸಿದು ಮೂವರು ಸತ್ತಿದ್ದರು. ಅವರಲ್ಲೊಬ್ಬ ಈಕೆಯ ಗಂಡ, ಆರನೇ ಜಾಕಿನ ಮೇಸ್ತ್ರಿ. ಉಳಿದಿಬ್ಬರ ಸಾವಿಗೆ ಅವನ ಕೈಯೇ ಕಾರಣವೆಂದು ಸೊನ್ನೆ ಮೇಡಂ ತನಿಖೆಯ ತಜ್ಞೆಯಾಗಿ ಸಹಿ ಮಾಡಿದ ವರದಿ ಹೇಳುತ್ತಿತ್ತು. ಆಕೆ ಇವತ್ತು ಬಂದದ್ದು ಜಗಳಕ್ಕಲ್ಲ. ಗಂಡನ ಸ್ಪ್ಯಾನರ್ ವಾಪಸು ಕೊಡುತ್ತೀರಾ ಎಂದು ಕೇಳಲು, ಅಷ್ಟೇ.

“ಅದರಿಂದ ಬಡೀತಿದ್ರು ಮೇಡಂ.”

“ಏನನ್ನ?”

“ಸಿಕ್ಕಿದ್ದನ್ನೆಲ್ಲ. ಮನೆ ಬಾಗಿಲು, ಗೇಟು, ನೀರಿನ ಡ್ರಮ್ಮು. ಬೆಳಿಗ್ಗೆ ಕೆಲಸ ಶುರು ಮಾಡೋ ಮುಂಚೆ ಜಾಕನ್ನೂ ಬಡೀತಿದ್ರಂತೆ. ‘ಯಜಮಾನ ಬಂದಿದ್ದಾನೆ, ಎದ್ದೇಳು’ ಅಂತ ಅದಕ್ಕೆ ಹೇಳ್ಬೇಕಂತೆ. ಅಲ್ಲೇ ಕೆಲಸ ಮಾಡೋ ನನ್ನ ತಮ್ಮ ಮನೆಗೆ ಬಂದು ಅದನ್ನೇ ಆಡಿಕೊಂಡು ನಗ್ತಿದ್ದ. ‘ಅಕ್ಕಾ, ಭಾವ ನಿನಗಿಂತ ಆ ಜಾಕನ್ನೇ ಚೆನ್ನಾಗಿ ಮಾತಾಡಿಸ್ತಾರೆ’ ಅಂತ.”

ಆಕೆ ಸ್ಪ್ಯಾನರನ್ನು ತಿರುಗಿಸಿ ಹಿಡಿದು ಟೇಬಲಿನ ಅಂಚಿಗೆ ಬಡಿದು ತೋರಿಸಿದಳು. ಟಕ್‌ಟಕ್. ಒಂದು ಉಸಿರಿನಷ್ಟು ಬಿಡುವು. ಟಕ್.

“ಎರಡು ಬೇಗ, ಒಂದು ತಡವಾಗಿ. ನಾನು ಮಿಷನ್ ಮುಂದೆ ಕೂತಿರ್ತಿದ್ನಲ್ಲ, ಕತ್ತರಿ ಹಿಡಿಯಿಂದ ಹಲಗೆ ಮೇಲೆ ಒಂದೇ ಒಂದು ಟಕ್. ‘ಇದ್ದೀನಿ, ಬಂದೆ’ ಅಂತ. ನಾನು ಅಡುಗೆಮನೇಲಿದ್ರೆ ತಮ್ಮ ಬಡೀತಿದ್ದ. ಹೊರಗಿಂದ ಮೂರು, ಒಳಗಿಂದ ಒಂದು. ಹನ್ನೊಂದು ವರ್ಷ ನಮ್ಮನೇಲಿ ಬಾಗಿಲು ತೆಗೀರಿ ಅಂತ ಯಾರೂ ಬಾಯಿಬಿಟ್ಟು ಹೇಳಿಲ್ಲ ಮೇಡಂ.”

ಟೇಬಲಿನ ಮೇಲಿದ್ದ ನೀರಿನ ಲೋಟದಲ್ಲಿ ಆ ಕೊನೆಯ ಟಕ್ ಎಬ್ಬಿಸಿದ ಅಲೆ ಆಗಲೇ ಆರಿತ್ತು. ಮೇಡಂ ಕಣ್ಣು ಮಾತ್ರ ಅಲ್ಲೇ ನೆಟ್ಟಿತ್ತು.

“ಇನ್ನೊಂದು ಮಾತು ಕೇಳ್ಲಾ?” ಟೈಲರಮ್ಮ ಸ್ಪ್ಯಾನರನ್ನು ಸೆರಗಿನಲ್ಲಿ ಸುತ್ತಿಕೊಳ್ಳುತ್ತ ಕೇಳಿದಳು. “ಸತ್ತರಲ್ಲ, ಆ ಇನ್ನಿಬ್ಬರ ಮನೆ ನಮ್ಮ ಬೀದೀಲೇ ಇರೋದು. ಒಬ್ಬರ ಹೆಂಡತಿ ನನ್ನ ಹತ್ರಾನೇ ಬಟ್ಟೆ ಹೊಲಿಸ್ತಿದ್ಲು. ಅವರ ಮನೆ ಮುಂದೆ ಹೋಗುವಾಗ ತಲೆ ತಗ್ಗಿಸ್ಕೊಂಡು ಹೋಗ್ತೀನಿ. ನನ್ನ ಮಗಳೂ ನನ್ನ ನೋಡಿ ತಗ್ಗಿಸ್ತಾಳೆ, ಎಂಟು ವರ್ಷದ್ದು. ತಗ್ಗಿಸ್ಬೇಕಾ, ಬೇಡ್ವಾ, ಅದೊಂದು ಗೊತ್ತಾದ್ರೆ ಸಾಕು. ತಗ್ಗಿಸ್ಬೇಕು ಅಂದ್ರೆ ತಗ್ಗಿಸ್ತೀನಿ, ಅದಕ್ಕೇನಿಲ್ಲ.”

ಗೋಡೆ ಗಡಿಯಾರದಲ್ಲಿ ಹತ್ತೂ ಇಪ್ಪತ್ತು. ಮಧ್ಯಾಹ್ನ ಮೂರಕ್ಕೆ ತನಿಖಾ ಸಮಿತಿ ಕೊನೆಯ ಸಹಿ ಹಾಕಲಿತ್ತು. ಅದಾದ ಮೇಲೆ ಸತ್ತವನ ಹೆಸರನ್ನು ಆ ಕಾಗದದಿಂದ ಕಿತ್ತು ತೆಗೆಯುವುದು ಯಾರ ಕೈಯಲ್ಲೂ ಆಗದ ಮಾತು.

“ನಿಮ್ಮ ತಮ್ಮ ಎಲ್ಲಿ?”

“ಹೊರಗೆ ಬೆಂಚಿನ ಮೇಲೆ. ಅವನೇ ಸ್ಕೂಟರಲ್ಲಿ ಕರ್ಕೊಂಡು ಬಂದ.”

“ನೀವೂ ಅಲ್ಲೇ ಸ್ವಲ್ಪ ಹೊತ್ತು ಕೂತಿರಿ ತಾಯಿ. ಹೋಗಬೇಡಿ.”

*

ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಕಾಲದಲ್ಲಿ ಯಾವ ಉಪಕರಣಕ್ಕೆ ಕೈ ಹಾಕಿದರೂ “ಮೊದಲು ಸೊನ್ನೆ ಸರಿ ಇದೆಯಾ ನೋಡ್ರೋ” ಎನ್ನುತ್ತಿದ್ದ ಕಾರಣಕ್ಕೆ ಅವರಿಗೆ ಆ ಹೆಸರು ಬಿದ್ದದ್ದು. ಅಂಥವರು ಈ ಸಲ ಸೊನ್ನೆ ನೋಡಿರಲಿಲ್ಲ.

ನೋಡಿರಲಿಲ್ಲ ಎಂಬುದು ಅವರಿಗೆ ಈಗ ನಿಧಾನವಾಗಿ ಹೊಳೆಯತೊಡಗಿತ್ತು.

ಚಾವಣಿ ಏರುವಾಗ ಪ್ರತಿ ಜಾಕಿನ ತಲೆಯ ಮೇಲೆ ಒಂದು ತೂಕದ ಸೆನ್ಸರ್ ಇತ್ತು. ಎಂಟೂ ಸೆನ್ಸರ್‌ಗಳ ಲೆಕ್ಕ ಒಂದು ಪೆಟ್ಟಿಗೆಯಲ್ಲಿ ಸೆಕೆಂಡಿಗೆ ಎರಡು ಸಾವಿರ ಸಲ ದಾಖಲಾಗುತ್ತಿತ್ತು. ಅಷ್ಟೊಂದು ಅಂಕಿ ಕಂಡಾಗ ಎಲ್ಲರೂ ಮಾಡುವುದನ್ನೇ ಮೇಡಮ್ಮೂ ಮಾಡಿದ್ದರು. ನೂರು ನೂರು ಅಂಕಿಗಳನ್ನು ಕೂಡಿಸಿ ಒಂದೊಂದು ಸರಾಸರಿ ಮಾಡಿ, ನುಣುಪಾದ ಎಂಟು ಗೆರೆಗಳನ್ನು ಎಳೆದಿದ್ದರು. ಮೊದಲು ಇಳಿದದ್ದು ಆರನೇ ಗೆರೆ, ಆದ್ದರಿಂದ ತಪ್ಪು ಆರನೇ ಜಾಕಿನ ಮೇಸ್ತ್ರಿಯದು ಎಂದು ಬರೆದಿದ್ದರು. ಪಂಪಿನ ಅದುರು, ಗಾಳಿ, ಹೆಜ್ಜೆ ಸಪ್ಪಳ, ಎಲ್ಲ ಅಳಿಸಿಹೋಗಿತ್ತು. ವರದಿಯಲ್ಲಿ ಒಂದು ವಾಕ್ಯವೂ ಇತ್ತು: ‘ಗದ್ದಲವನ್ನು ತೆಗೆದುಹಾಕಲಾಗಿದೆ.’

ಆ ಗದ್ದಲದೊಳಗೆ ಒಬ್ಬ ಮನುಷ್ಯ ದಿನಾ ಬೆಳಿಗ್ಗೆ ಬಾಗಿಲು ಬಡಿಯುತ್ತಿದ್ದ.

ಅವರು ಮೂಲ ದಾಖಲೆಯನ್ನು ತೆರೆದರು. ಕುಸಿತವಾದದ್ದು ಶುಕ್ರವಾರ. ಆ ವಾರದ ಸೋಮವಾರ, ಬೆಳಿಗ್ಗೆ ಎಂಟರ ಸುಮಾರು. ಪರದೆಯ ಮೇಲೆ ಎಂಟು ಗೆರೆಗಳು ಹುಲ್ಲಿನಂತೆ ನವಿರಾಗಿ ನಡುಗುತ್ತಿದ್ದವು. ಎಂಟು ಗಂಟೆ ಎರಡು ನಿಮಿಷಕ್ಕೆ ಆರನೇ ಗೆರೆಯಲ್ಲಿ ಮೂರು ಮುಳ್ಳು ಎದ್ದವು. ಎರಡು ಅಕ್ಕಪಕ್ಕ, ಒಂದು ಸ್ವಲ್ಪ ದೂರ.

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು.

ಮಂಗಳವಾರ, ಎಂಟು ಗಂಟೆ ಒಂದು ನಿಮಿಷ. ಆರನೇ ಗೆರೆ. ಎರಡು, ಒಂದು.

ಬುಧವಾರ ಆರನೇ ಗೆರೆಯಲ್ಲಿ ಏನೂ ಇರಲಿಲ್ಲ. ಅವತ್ತು ಬರಲಿಲ್ಲವೇನೋ ಎಂದುಕೊಂಡು ಮುಂದೆ ಹೋಗುತ್ತಿದ್ದ ಅವರ ಬೆರಳು ಹಾಗೇ ನಿಂತಿತು. ಮುಳ್ಳುಗಳು ಇದ್ದವು. ಮೂರನೇ ಗೆರೆಯಲ್ಲಿ.

ಗುರುವಾರ ಮೂರನೇ ಗೆರೆ. ಶುಕ್ರವಾರ, ಅವನ ಬದುಕಿನ ಕೊನೆಯ ಬೆಳಿಗ್ಗೆಯೂ, ಮೂರನೇ ಗೆರೆ.

ಆದರೆ ಹಾಜರಿ ಪುಸ್ತಕದಲ್ಲಿ ಮೇಸ್ತ್ರಿ ಆ ಐದೂ ದಿನ ಆರನೇ ಜಾಕಿನಲ್ಲೇ ಇದ್ದ. ಮನುಷ್ಯ ಜಾಗ ಬದಲಿಸಿರಲಿಲ್ಲ. ಬದಲಾಗಿದ್ದು ಗೆರೆ.

ಮೇಡಂ ಫೋನೆತ್ತಿ, ಸಮಿತಿಯ ಮುಂದೆ ಸಾಕ್ಷಿ ಹೇಳಲು ಬಂದು ಕೆಳಗಿನ ಕ್ಯಾಂಟೀನಿನಲ್ಲಿ ಕಾಯುತ್ತಿದ್ದ, ಆ ಪೆಟ್ಟಿಗೆಯನ್ನು ಕಟ್ಟಿದ ಎಂಜಿನಿಯರಿಗೆ ಕರೆ ಮಾಡಿದರು. “ಮೇಲೆ ಬಾರಯ್ಯ. ಕಾಫಿ ಅರ್ಧ ಇದ್ರೆ ಅಲ್ಲೇ ಬಿಟ್ಟು ಬಾ.”

*

ಅವನು ಅವರ ಶಿಷ್ಯ. ಹದಿನಾರು ವರ್ಷಗಳ ಪಾಠದಲ್ಲಿ ಇಬ್ಬರೋ ಮೂವರೋ ಸಿಗುತ್ತಾರಲ್ಲ, ಹೇಳಿದ್ದಕ್ಕಿಂತ ಒಂದು ಹೆಜ್ಜೆ ಮುಂದೆ ಯೋಚಿಸುವವರು, ಅಂಥವನು. ಪೆಟ್ಟಿಗೆಯ ವಿನ್ಯಾಸ, ಜೋಡಣೆ, ಪ್ರೋಗ್ರಾಂ, ಎಲ್ಲ ಅವನದೇ.

“ಒಂದು ಸಲ ಮೊದಲಿಂದ ಹೇಳು,” ಎಂದರು ಮೇಡಂ. “ಎಂಟು ಸೆನ್ಸರ್, ಅವನ್ನ ಓದೋ ಪುಟ್ಟ ಕಂಪ್ಯೂಟರ್ ಚಿಪ್, ಮೈಕ್ರೊಕಂಟ್ರೋಲರ್, ಒಂದೇ. ಹೇಗೆ ಓದ್ತೀಯ?”

ಅವನು ನಕ್ಕ. “ಏನು ಮೇಡಂ, ಮತ್ತೆ ವೈವಾ ಪರೀಕ್ಷೆನಾ? ನೀವೇ ಹೇಳಿಕೊಟ್ಟದ್ದು.”

“ನಾನು ಹೇಳಿಕೊಟ್ಟದ್ದು ನನಗೆ ಮರೆತಿದೆ. ಹೇಳು.”

“ಪ್ರತಿ ಸೆನ್ಸರಿಗೆ ಒಂದೊಂದು ಎಡಿಸಿ ಚಿಪ್. ಸೆನ್ಸರಿನ ವೋಲ್ಟೇಜನ್ನ ಅಂಕಿ ಮಾಡೋದು ಅದರ ಕೆಲಸ. ಸೋಮಾರಿಗಳು ಏನು ಮಾಡ್ತಾರೆ, ಒಂದನೇ ಚಿಪ್ಪನ್ನ ಕೇಳಿ, ಅದು ಉತ್ತರ ಕೊಟ್ಟ ಮೇಲೆ ಎರಡನೇದನ್ನ ಕೇಳಿ, ಹೀಗೆ ಸಾಲಾಗಿ ಹೋಗ್ತಾರೆ. ಎಂಟನೇದರ ಹತ್ರ ಬರೋ ಹೊತ್ತಿಗೆ ಒಂದನೇದು ಹಳೇ ಸುದ್ದಿ ಆಗಿರುತ್ತೆ. ಕಾಲವೂ ದಂಡ. ನಮ್ಮದು ಹಾಗಲ್ಲ. ಎಂಟಕ್ಕೂ ಒಂದೇ ತಂತೀಲಿ ಒಂದೇ ಸಲ ‘ಅಳೆ’ ಅಂತ ಹೇಳ್ತೀವಿ. ಎಂಟೂ ಅದೇ ಕ್ಷಣ ಹಿಡೀತವೆ.”

“ಒಬ್ಬೊಬ್ಬರದೇ ಫೋಟೊ ತೆಗೆದು ಅಂಟಿಸೋದಲ್ಲ, ಎಲ್ಲರನ್ನೂ ನಿಲ್ಲಿಸಿ ಒಂದೇ ಕ್ಲಿಕ್.”

“ಅದೇ. ಆಮೇಲೆ ಎಂಟು ಚಿಪ್ಪುಗಳ ಎಂಟು ತಂತಿ ಮೈಕ್ರೊಕಂಟ್ರೋಲರಿನ ಎಂಟು ಕಾಲಿಗೆ, ಅಂದ್ರೆ ಪಿನ್ನಿಗೆ, ಬರುತ್ತೆ. ಆ ಎಂಟು ಕಾಲನ್ನ ಅದು ಒಂದೇ ಗುಟುಕಿಗೆ ಓದುತ್ತೆ. ಗಡಿಯಾರದ ಒಂದು ಬಡಿತಕ್ಕೆ ಪ್ರತಿ ಚಿಪ್ಪಿಂದ ಒಂದೊಂದು ಬಿಟ್, ಸೊನ್ನೆ ಇಲ್ಲ ಒಂದು. ಇಪ್ಪತ್ನಾಲ್ಕು ಬಡಿತಕ್ಕೆ ಇಪ್ಪತ್ನಾಲ್ಕು ಅಡ್ಡ ಸಾಲು. ಅದನ್ನ ನೇರಕ್ಕೆ ತಿರುಗಿಸಿದ್ರೆ ಎಂಟು ಜಾಕಿನ ಎಂಟು ತೂಕ. ಒಂದು ಚಿಪ್ ಓದೋ ಸಮಯದಲ್ಲಿ ಎಂಟೂ ಮುಗೀತು.”

“ಯಾವ ಅಂಕಿ ಯಾವ ಜಾಕಿನದು ಅಂತ ಪೆಟ್ಟಿಗೆಗೆ ಹೇಗೆ ಗೊತ್ತು?”

“ತಂತಿ ಯಾವ ಕಾಲಿಗೆ ಬಂದಿದೆ ಅನ್ನೋದರಿಂದ. ಬೇರೆ ಗುರುತು ಇಲ್ಲ.”

“ತಂತಿ ತಿರುಗಾಮುರುಗಾ ಆದ್ರೆ?”

“ಆಗಲ್ಲ ಮೇಡಂ. ಎಂಟೂ ಒಂದೇ ಪಟ್ಟಿ ಕೇಬಲ್ಲಲ್ಲಿ ಬರೋದು. ಕನೆಕ್ಟರಿಗೆ ಒಂದು ಗುಬುಟು, ಸಣ್ಣ ಉಬ್ಬು, ಇರುತ್ತೆ, ಉಲ್ಟಾ ಕೂರಲ್ಲ.”

ಮೇಡಂ ಪರದೆಯನ್ನು ಅವನ ಕಡೆ ತಿರುಗಿಸಿದರು. ಸೋಮವಾರ. ಮಂಗಳವಾರ. ಬುಧವಾರ. ಮುಳ್ಳುಗಳು ಏನು, ಯಾರವು ಎಂದು ಎರಡು ಮಾತಿನಲ್ಲಿ ಹೇಳಿದರು.

ಅವನು ಬಹಳ ಹೊತ್ತು ನೋಡಿದ.

“ಮಂಗಳವಾರ ಸಂಜೆ ಪೆಟ್ಟಿಗೆ ತೆರೆದಿದ್ಯಾ?” ಎಂದು ಕೇಳಿದರು ಮೇಡಂ.

“ಮೇಲಿಂದ ಒಂದು ಬೋಲ್ಟ್ ಬಿದ್ದು ಕೇಬಲ್ ಕನೆಕ್ಟರ್ ಮುರಿದಿತ್ತು. ಬದಲಾಯಿಸ್ದೆ. ಅಲ್ಲಿ ಸಿಕ್ಕ ಕನೆಕ್ಟರಿಗೆ…” ಮಾತು ನಿಂತಿತು.

“ಗುಬುಟು ಇರಲಿಲ್ಲ.”

“ಇರಲಿಲ್ಲ. ಆದ್ರೆ ನೋಡಿದೆ ಮೇಡಂ! ಎಂಟೂ ಅಂಕಿ ಬಂತು. ಒಟ್ಟು ತೂಕ ಕೂಡಿಸಿದೆ, ಅದೂ ಸರಿಯಾಗಿ ಬಂತು.”

“ಬರದೆ ಏನು? ಉಲ್ಟಾ ಕೂಡಿಸಿದ್ರೆ ಒಟ್ಟು ಬದಲಾಗುತ್ತಾ?” ಮೇಡಂ ದನಿ ಏರಿಸಲಿಲ್ಲ. “ತೆಗಿ ಪೆಟ್ಟಿಗೇನ.”

ಒಂದು ಮೂಲೆ ನಜ್ಜುಗುಜ್ಜಾದ ಆ ಲೋಹದ ಪೆಟ್ಟಿಗೆ ಮೊಹರಿನೊಂದಿಗೆ ಅಲ್ಲೇ ಟೇಬಲಿನ ಮೇಲಿತ್ತು. ಮೇಡಂ ಮೊಹರು ಬಿಡಿಸಿ, ದಿನಾಂಕ ಬರೆದು, ಫೋಟೊ ತೆಗೆದರು. ಅವನು ನಾಲ್ಕು ಸ್ಕ್ರೂ ಬಿಚ್ಚಿ ಮುಚ್ಚಳ ಎತ್ತಿದ. ಬೂದು ಬಣ್ಣದ ಪಟ್ಟಿ ಕೇಬಲ್. ಒಂದನೇ ತಂತಿ ಯಾವ ಕಡೆ ಎಂದು ತೋರಿಸಲು ಅದರ ಒಂದು ಅಂಚಿಗೆ ಕೆಂಪು ಗೆರೆ ಇರುತ್ತದೆ. ಇಲ್ಲೂ ಇತ್ತು. ಬೋರ್ಡಿನ ಮೇಲೆ ‘೮’ ಎಂದು ಅವನೇ ತನ್ನ ಕೈಯಾರೆ ಬರೆದ ಅಂಕಿಯ ಪಕ್ಕದಲ್ಲಿ.

ಇಬ್ಬರೂ ಅದನ್ನೇ ನೋಡುತ್ತ ನಿಂತರು.

ಒಂದು ಎಂಟಾಗಿತ್ತು, ಎರಡು ಏಳಾಗಿತ್ತು, ಮೂರು ಆರಾಗಿತ್ತು. ಕಂಬಗಳ ಎಣಿಕೆ ಈ ಬದಿಯಲ್ಲಿ ಒಂದರಿಂದ ನಾಲ್ಕು, ಸುತ್ತಿಕೊಂಡು ಆ ಬದಿಯಲ್ಲಿ ಐದರಿಂದ ಎಂಟು. ಹಾಗಾಗಿ ಪ್ರತಿ ಜಾಕಿನ ಲೆಕ್ಕವೂ ಅದರ ಎದುರು ಜಾಕಿನ ಹೆಸರಿಗೆ ಹೋಗಿತ್ತು. ಚಾವಣಿ ಎರಡೂ ಬದಿ ಒಂದೇ ಸಮ. ಎದುರುಬದುರು ಜಾಕ್‌ಗಳ ಮೇಲೆ ಒಂದೇ ಭಾರ. ಅನುಮಾನ ಬರಲು ಒಂದು ಕೂದಲಿನಷ್ಟೂ ವ್ಯತ್ಯಾಸವಿರಲಿಲ್ಲ.

ಬೇರೆ ಯಾರಾದರೂ ಕಟ್ಟಿದ್ದರೆ ಒಂದೋ ಎರಡೋ ತಂತಿ ತಪ್ಪಿ, ಅಂಕಿಗಳು ಹುಚ್ಚುಹುಚ್ಚಾಗಿ ಬಂದು, ತಪ್ಪು ಅವತ್ತೇ ಸಿಕ್ಕಿಬೀಳುತ್ತಿತ್ತು. ಅಚ್ಚುಕಟ್ಟಾಗಿ ಕೆಲಸ ಮಾಡುವವನು ತಪ್ಪನ್ನೂ ಅಚ್ಚುಕಟ್ಟಾಗಿಯೇ ಮಾಡಿದ್ದ.

“ನಾನೇ ಅವನನ್ನ ಕೊಂದ ಹಾಗಾಯ್ತಲ್ಲ ಮೇಡಂ.” ಅವನು ಕಣ್ಣೊರೆಸಿಕೊಂಡ.

“ಸತ್ತ ಮೇಲೆ ಅವನ ಹೆಸರು ಕೆಡಿಸಿದ್ದೀವಿ. ಕೇಬಲ್ ನಿನ್ನದು, ಸಹಿ ನನ್ನದು. ಅಳೋದು ಆಮೇಲೆ. ಚಾವಣಿ ಬಿದ್ದಾಗ ನೀನೆಲ್ಲಿದ್ದೆ?”

“ಕೆಳಗಿನ ಕ್ಯಾಬಿನ್ನಲ್ಲಿ. ಪೆಟ್ಟಿಗೆ ಮುಂದೆ.”

ಮೇಡಂ ತಲೆಯಾಡಿಸಿ ಬರೆದುಕೊಂಡರು.

ಮೊದಲು ಇಳಿದದ್ದು ದಾಖಲೆಯ ಆರನೇ ಗೆರೆ, ಅಂದರೆ ನಿಜದ ಮೂರನೇ ಜಾಕ್. ಅದು ಹೇಗೆ ಇಳಿಯಿತು ಎಂಬುದರಲ್ಲಿ ಮಾತ್ರ ಹಳೆಯ ವರದಿ ಸರಿಯಾಗಿತ್ತು: ಜಾಕಿನೊಳಗೆ ಎಣ್ಣೆ ತಡೆಯುವ ಸೀಲು ಒಡೆದರೆ ಭಾರ ಧಡಕ್ಕನೆ ಬೀಳುತ್ತದೆ, ಇದು ನಲ್ಲಿ ತಿರುಗಿಸಿದಂತೆ ಜಾರಿತ್ತು. ಯಾರದೋ ಕೈ ಎಣ್ಣೆ ಬಿಡುವ ವಾಲ್ವನ್ನು ತಿರುಗಿಸಿತ್ತು.

ಮೂರನೇ ಜಾಕಿನವರು ಯಾರು ಎಂದು ಮೇಡಂ ಹಾಜರಿ ಪುಸ್ತಕ ತೆರೆಯಲಿಲ್ಲ. ಅವರಿಗೆ ಗೊತ್ತಿತ್ತು. ಅವನು ಹೊರಗೆ ಬೆಂಚಿನ ಮೇಲೆ ಅಕ್ಕನ ಪಕ್ಕದಲ್ಲಿ ಹೆಲ್ಮೆಟ್ ಹಿಡಿದು ಕುಳಿತಿದ್ದ.

*

“ಮೂರನೇ ಜಾಕಿನವನನ್ನ ಬಿಡಿ ಮೇಡಂ,” ಎಂದ ಎಂಜಿನಿಯರ್. “ಐದು ನಿಮಿಷ ಮುಂಚೇನೇ ಕೆಳಗೆ ಇಳಿದಿದ್ದೆ ಅಂತ ಹೇಳಿಕೆ ಕೊಟ್ಟಿದ್ದಾನಲ್ಲ. ಊಟದ ಬಿಡುವಿನ ಮುಂಚೆ ಏರಿಸೋದು ನಿಲ್ಲಿಸಿದ್ರು. ಅದಕ್ಕೇ ಬದುಕಿಕೊಂಡ.”

“ಹೇಳಿಕೆ ಕೊಟ್ಟಿದ್ದಾನೆ. ಸರಿ.” ಮೇಡಂ ಶುಕ್ರವಾರದ ಕೊನೆಯ ಎರಡು ನಿಮಿಷಗಳನ್ನು ಪರದೆಯ ಅಗಲಕ್ಕೂ ಹಿಗ್ಗಿಸಿದರು. ಸರಾಸರಿಯಿಲ್ಲದೆ, ಒರೆಸದೆ, ಹೇಗಿತ್ತೋ ಹಾಗೆ.

ಹನ್ನೊಂದು ಐವತ್ತಮೂರರ ಹತ್ತಿರ ಮೂರನೇ ಗೆರೆಯಲ್ಲಿ, ಎಂದರೆ ಮೇಸ್ತ್ರಿಯ ಜಾಕಿನಲ್ಲಿ, ಮುಳ್ಳುಗಳೆದ್ದವು. ಟಕ್‌ಟಕ್, ಟಕ್.

ಒಂದು ಸೆಕೆಂಡಿನ ನಂತರ ಎದುರಿನ ಆರನೇ ಗೆರೆಯಲ್ಲಿ ಒಂದು ಮುಳ್ಳು. ಒಂದೇ ಒಂದು.

ಮೇಡಂಗೆ ಎದೆಯ ಒಳಗೆಲ್ಲೋ ಕತ್ತರಿಯ ಹಿಡಿ ಬಡಿದಂತಾಯಿತು.

“ಪ್ರತಿಧ್ವನಿ,” ಎಂದ ಎಂಜಿನಿಯರ್ ಬೇಗನೆ. “ಇಡೀ ಚಾವಣಿ ಉಕ್ಕು. ಇಲ್ಲಿ ಬಡಿದ್ರೆ ಅಲ್ಲಿ ಕೇಳುತ್ತೆ.”

“ಕೇಳುತ್ತೆ. ಅದಕ್ಕೇ ನೋಡೋಣ, ಎಲ್ಲಿ ಮೊದಲು ಕೇಳಿತು ಅಂತ.”

ಅವರು ಆ ಒಂಟಿ ಮುಳ್ಳನ್ನು ಇನ್ನಷ್ಟು ಹಿಗ್ಗಿಸಿದರು. ಅದು ಎಂಟೂ ಗೆರೆಗಳಲ್ಲಿ ಇತ್ತು, ಬೇರೆಡೆ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ. ಆರನೇ ಗೆರೆಯಲ್ಲಿ ಎಲ್ಲಕ್ಕಿಂತ ಮೊದಲು. ಮೂರನೇ ಗೆರೆಗೆ ತಲುಪಿದ್ದು ಹನ್ನೆರಡು ಅಂಕಿಗಳ ನಂತರ. ಸೆಕೆಂಡಿನ ಸಾವಿರ ಭಾಗದಲ್ಲಿ ಆರು ಭಾಗ. ಆ ಬದಿಯಿಂದ ಈ ಬದಿಗೆ ಉಕ್ಕಿನಲ್ಲಿ ಸದ್ದು ನಡೆಯಲು ಬೇಕಾದಷ್ಟು ಹೊತ್ತು.

“ನೀನು ಸೋಮಾರಿಯಾಗಿದ್ದು ಒಂದೊಂದೇ ಚಿಪ್ ಓದಿದ್ದಿದ್ರೆ ಇದನ್ನ ನಂಬೋ ಹಾಗಿರಲಿಲ್ಲ,” ಎಂದರು ಮೇಡಂ. “ಓದೋದರಲ್ಲೇ ಹೆಚ್ಚುಕಮ್ಮಿ ಅಷ್ಟು ತಡ ಆಗಿರೋದು. ಒಂದೇ ಕ್ಷಣದಲ್ಲಿ ಎಂಟನ್ನೂ ಹಿಡಿದಿದ್ದೀಯ. ಆದ್ದರಿಂದ ಇದು ಸುಳ್ಳು ಹೇಳಲ್ಲ. ಇದು ಪ್ರತಿಧ್ವನಿಯಲ್ಲ, ಉತ್ತರ. ಮೂರನೇ ಜಾಕಿನ ಹತ್ರ ಒಬ್ಬ ಮನುಷ್ಯ ಇದ್ದ.”

ಮೇಡಂ ದಾಖಲೆಯನ್ನು ಮುಂದಕ್ಕೆ ಸರಿಸಿದರು.

ನಲವತ್ತು ಸೆಕೆಂಡು ಏನೂ ಇಲ್ಲ. ಪಂಪಿನ ನಡುಕ ಮಾತ್ರ.

ಆಮೇಲೆ ಮೇಸ್ತ್ರಿಯ ಜಾಕಿನಲ್ಲಿ ಮತ್ತೆ ಟಕ್‌ಟಕ್, ಟಕ್. ಉತ್ತರ ಬರಲಿಲ್ಲ. ಮತ್ತೆ ಮೂರು. ಉತ್ತರವಿಲ್ಲ. ಆಮೇಲೆ ಲೆಕ್ಕ ತಪ್ಪಿತು. ಬಿಡುವಿಲ್ಲದೆ, ಜೋರಾಗಿ, ಒಂದರ ಮೇಲೊಂದು. ಮೇಡಂ ತುಟಿಯಲ್ಲೇ ಎಣಿಸಿದರು. ಹನ್ನೊಂದು. ಹನ್ನೊಂದನೆಯದಕ್ಕೆ ಸರಿಯಾಗಿ ಎದುರಿನ ಗೆರೆ ಜಾರತೊಡಗಿತು.

ಮೇಸ್ತ್ರಿ ಕಂಡಿದ್ದ. ಅಷ್ಟಗಲದ ಬಯಲಿನಾಚೆ, ಪಂಪಿನ ಅಬ್ಬರದಲ್ಲಿ ಕೂಗಿದರೆ ಕೇಳದ ದೂರದಲ್ಲಿ, ಯಾವುದೋ ಕೈ ವಾಲ್ವಿನ ಮೇಲೆ ಹೋಗುವುದನ್ನು ಕಂಡಿದ್ದ. ತನಗೆ ಗೊತ್ತಿದ್ದ ಒಂದೇ ಒಂದು ಭಾಷೆಯಲ್ಲಿ ಕೊನೆಯತನಕ ಕರೆದಿದ್ದ. ಅದನ್ನು ಮೇಡಂ ಗದ್ದಲವೆಂದು ಒರೆಸಿ, ಅವನನ್ನೇ ಕೊಲೆಗಾರನೆಂದು ಬರೆದಿದ್ದರು.

ಅವರು ಎದ್ದು ಕಿಟಕಿಯ ಹತ್ತಿರ ಹೋಗಿ ಬೆನ್ನು ಹಾಕಿ ನಿಂತರು. ಸ್ವಲ್ಪ ಹೊತ್ತಾದ ಮೇಲೆ ಮೂಗೊರೆಸಿಕೊಂಡು ಬಾಗಿಲ ಕಡೆ ನಡೆದರು.

*

ಕಾರಿಡಾರಿನಲ್ಲಿ ಟೈಲರಮ್ಮ ಅವರನ್ನು ಕಂಡು ಎದ್ದು ನಿಂತಳು.

“ತಲೆ ತಗ್ಗಿಸಬೇಡಿ ತಾಯಿ,” ಎಂದರು ಮೇಡಂ. “ನಿಮ್ಮ ಯಜಮಾನರು ಏನೂ ಮಾಡಿಲ್ಲ. ತಪ್ಪು ನಮ್ಮ ಪೆಟ್ಟಿಗೇದು, ನನ್ನದು. ಮೂರು ಗಂಟೆಗೆ ನಾನೇ ಸಮಿತಿ ಮುಂದೆ ನಿಂತು ಹೇಳ್ತೀನಿ. ನಿಮ್ಮ ಬೀದಿಗೂ ಬಂದು ಆ ಎರಡು ಮನೇಲಿ ಹೇಳ್ತೀನಿ.”

ಆಕೆ ಅಳುತ್ತಾಳೆಂದುಕೊಂಡಿದ್ದರು. ಅಳಲಿಲ್ಲ. ಸೆರಗಿನಲ್ಲಿ ಸುತ್ತಿದ್ದ ಸ್ಪ್ಯಾನರನ್ನು ಎ‌ದೆಗೊತ್ತಿಕೊಂಡು ಬಹಳ ದಿನಗಳ ಮೇಲೆ ಉಸಿರು ಬಿಟ್ಟವಳಂತೆ ಬೆಂಚಿನ ಮೇಲೆ ಕುಸಿದು ಕೂತಳು. “ನೋಡ್ದೇನೋ,” ಎಂದು ತಮ್ಮನ ತೋಳು ಹಿಡಿದು ಅಲುಗಿಸಿದಳು. “ನಾನು ಹೇಳಿರಲಿಲ್ವೇನೋ, ಅವರಲ್ಲ ಅಂತ. ನೀನೂ ಸುಮ್ನೆ ಕೂತಿದ್ಯಲ್ಲೋ, ಒಂದು ಮಾತಾಡದೆ.”

ತಮ್ಮ ಹೆಲ್ಮೆಟ್ಟಿನ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದ. ಮೂವತ್ತರ ಆಸುಪಾಸಿನ ಗಟ್ಟಿ ಆಳು. ಹದಿನೆಂಟು ದಿನದಲ್ಲಿ ಅಂಗಿ ದೊಗಳೆಯಾಗಿತ್ತು.

“ಮೊದಲು ಇಳಿದದ್ದು ಆರಲ್ಲ. ಮೂರು,” ಎಂದರು ಮೇಡಂ ಅವನನ್ನೇ ನೋಡುತ್ತ.

ಪಟ್ಟಿ ಸುತ್ತುತ್ತಿದ್ದ ಬೆರಳು ನಿಂತಿತು.

“ನಿಮ್ಮ ಭಾವ ಬಡಿದು ಕರೆದಿದ್ದಾರೆ. ಆ ಕಡೆಯಿಂದ ಒಂದು ಉತ್ತರವೂ ಬಂದಿದೆ.”

“ಉತ್ತರಾನಾ?” ಟೈಲರಮ್ಮ ತಲೆಯೆತ್ತಿದಳು. “ಒಂದೇ ಸಲಾನಾ ಮೇಡಂ?”

“ಒಂದೇ ಸಲ.”

ಆಕೆ ತಮ್ಮನ ತೋಳಿನ ಮೇಲಿದ್ದ ಕೈಯನ್ನು ಮೆಲ್ಲಗೆ, ಬಿಸಿ ಪಾತ್ರೆಯಿಂದ ತೆಗೆಯುವ ಹಾಗೆ, ತೆಗೆದುಕೊಂಡಳು.

“ಅಕ್ಕಾ, ಹಾಗೆ ನೋಡಬೇಡ ಅಕ್ಕಾ.”

“ನೀನು ಕೆಳಗಿದ್ದೆ ಅಂದ್ಯಲ್ಲೋ. ನನ್ನ ಮಗಳ ತಲೆ ಮೇಲೆ ಕೈಯಿಟ್ಟು ಹೇಳ್ದೆ.”

“ಉತ್ತರ ಕೊಟ್ಟದ್ದು ನಾನೇ.” ಅವನ ಮುಖ ಅಳುವ ಮಗುವಿನ ಮುಖದಂತೆ ಸೊಟ್ಟಗಾಯಿತು. “ವಾಲ್ವ್ ಮುಟ್ಟಿಲ್ಲ. ಭಾವನ ಆಣೆಗೂ ಮುಟ್ಟಿಲ್ಲ. ಐದು ನಿಮಿಷ ಅಂತ ಹೇಳಿದ್ದು ಸುಳ್ಳು, ಒಂದು ನಿಮಿಷಾನೂ ಆಗಿರಲಿಲ್ಲ. ಏಣಿ ಅರ್ಧ ಇಳಿದಿದ್ದೆ. ಭಾವ ಮತ್ತೆ ಬಡಿದ್ರು, ಕೇಳಿಸ್ತು ಅಕ್ಕಾ. ಎರಡೂ ಕೈಯಲ್ಲಿ ಏಣಿ ಹಿಡಿದಿದ್ದೆ, ಇಳಿದ ಮೇಲೆ ನೋಡೋಣ ಅಂತ ಸುಮ್ಮನಾದೆ. ಮತ್ತೆ ಬಡಿದ್ರು. ಊಟಕ್ಕೆ ಕರೀತಿದ್ದಾರೆ, ಹಸಿವು ತಡೆಯಲ್ಲ ಅವರಿಗೆ ಅಂತ ನಕ್ಕೆ. ನಕ್ಕೆ ಅಕ್ಕಾ ನಾನು.”

ಅವನು ಹೆಲ್ಮೆಟ್ಟಿನೊಳಗೆ ಮುಖವಿಟ್ಟುಕೊಂಡ. ಟೈಲರಮ್ಮನ ಕೈ ಅವನ ಬೆನ್ನ ಹತ್ತಿರ ಹೋಗಿ, ಮುಟ್ಟದೆ, ಗಾಳಿಯಲ್ಲೇ ನಿಂತಿತು.

ಮೇಡಂ ಅವನ ಮುಂದೆ ಮೊಣಕಾಲೂರಿ ಕುಳಿತರು. “ಇದನ್ನ ಪೊಲೀಸರಿಗೆ ಯಾಕೆ ಹೇಳಲಿಲ್ಲ?”

“ಏನಂತ ಹೇಳಲಿ? ಭಾವ ಕರೆದಾಗ ಓಗೊಡಲಿಲ್ಲ ಅಂತಾನಾ? ಬಿದ್ದದ್ದು ಆರು ಅಂತ ಎಲ್ರೂ ಅಂದ್ರಲ್ಲ ಮೇಡಂ. ಮೂರರಲ್ಲಿ ಯಾರಿದ್ರು ಅನ್ನೋದು ಯಾರಿಗೆ ಬೇಕಿತ್ತು?”

“ಏರಿಸೋದು ನಿಂತಿರಬಹುದು. ಆದರೂ ಜಾಕ್ ಬಿಟ್ಟು ಇಳಿಯೋ ಹಾಗಿಲ್ಲ. ಯಾಕೆ ಇಳಿದೆ?”

“ಕಳಿಸಿದ್ರು. ಸೆನ್ಸರ್ ಮೇಲೆ ಎಣ್ಣೆ ಕೂತಿದೆ, ಒರೆಸೋ ಬಟ್ಟೆ ತಗೊಂಡು ಬಾ, ಅಲ್ಲೀವರೆಗೆ ಜಾಕ್ ಹತ್ರ ನಾನಿರ್ತೀನಿ ಅಂದ್ರು.”

“ಯಾರು?”

ಅವನು ಹೆಲ್ಮೆಟ್ಟಿನಿಂದ ಮುಖವೆತ್ತಿದ. ಬಾಯಿ ತೆರೆದ. ಆದರೆ ಅವನ ಒದ್ದೆ ಕಣ್ಣು ಮೇಡಂ ಮುಖದ ಮೇಲೆ ನಿಲ್ಲದೆ, ಅವರ ಹೆಗಲ ಮೇಲಿಂದ ಹಾದು, ಪ್ರಯೋಗಾಲಯದ ಬಾಗಿಲಲ್ಲಿ ಹೋಗಿ ನಿಂತಿತು.

ಸೊನ್ನೆ ಮೇಡಂ ತಿರುಗಿ ನೋಡಿದರು.

ಚಾವಣಿ ಬಿದ್ದಾಗ ಕೆಳಗಿನ ಕ್ಯಾಬಿನ್ನಲ್ಲಿದ್ದೆ ಎಂದಿದ್ದ ಅವರ ಅತ್ಯುತ್ತಮ ಶಿಷ್ಯ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ. ಬೂದು ಬಣ್ಣದ ಪಟ್ಟಿ ಕೇಬಲ್ ಪೆಟ್ಟಿಗೆಯಲ್ಲಿರಲಿಲ್ಲ. ಅದನ್ನವನು ಎಡಗೈಯ ನಾಲ್ಕು ಬೆರಳಿಗೆ ಒಂದು ಸುತ್ತೂ ತಪ್ಪದಂತೆ, ಕೆಂಪು ಅಂಚು ಒಳಗೆ ಬರುವಂತೆ, ಅಚ್ಚುಕಟ್ಟಾಗಿ ಸುತ್ತಿಕೊಳ್ಳುತ್ತಿದ್ದ.